ಕಣ್ಣು ನೋಯದಿದ್ದರೂ ಕಣ್ಣು ಹೋದೀತು!

ಸಕ್ಕರೆ ಬೇನೆಯವರು, ಸ್ಟಿರಾಯ್ಡ್ ನುಂಗುವವರು ಮೈಮರೆಯುವಂತಿಲ್ಲ; ದುಮ್ಮವಾಡದಂಥ ಊರಿಗೆ 2021 ಕಲಿಸಿದ ಪಾಠ

ಕಲಘಟಗಿ ತಾಲೂಕಿನ ದುಮ್ಮವಾಡ ಅಂದರೆ ಹುಬ್ಬಳ್ಳಿಯ ಹಳೆಯ ಮಂದಿಗೆ ಥಟ್ಟನೆ ನೆನಪಾಗುವುದು ನೀರಸಾಗರ. ಬೇಡ್ತಿಯ ನೀರನ್ನು ಇಲ್ಲಿ ತಡೆದು ಹುಬ್ಬಳ್ಳಿಯ ನಳಗಳಿಗೆ ಒಯ್ದರು. ಊರಿನ ರೋಗಿಗಳೂ ನೀರು ಹೋದ ಹಾದಿಯನ್ನೇ ಹಿಡಿಯುತ್ತಾರೆ. ಎದೆನೋವು ಬಂತೋ, ಹೆರಿಗೆ ಕಷ್ಟವಾಯಿತೋ, ಗಾಡಿ ಹುಬ್ಬಳ್ಳಿಗೆ ಇಲ್ಲವೇ ಧಾರವಾಡಕ್ಕೆ ಹೊರಡುತ್ತದೆ.

ಆದರೆ ಕಣ್ಣಿಗೆ ಬೇನೆ ಬಂದರೆ?

ಕಣ್ಣಿನ ಬೇನೆಯನ್ನು ಗಾಡಿ ಹೂಡುವಂಥ ಬೇನೆ ಎಂದು ಲೆಕ್ಕಕ್ಕೆ ಹಿಡಿಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಕಡಿಮೆ. "ಕಣ್ಣ ಬಂದಾವ, ನಾಕ ದಿನಕ್ಕ ತಾವ ಹೋಗ್ತಾವ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ನಂದಿಬಟ್ಟಲ ಹೂವಿನ ರಸ ಆಯಿತು, ಎದೆಹಾಲು ಆಯಿತು, ಅದಕ್ಕೂ ಬಗ್ಗದಿದ್ದರೆ ಅಂಗಡಿಯಿಂದ ತಂದ ಹನಿ. ಗಟ್ಟಿಮುಟ್ಟಾದ ಆಳಿಗೆ ಕಣ್ಣು ಬಂದಾಗ ಬಹಳ ಸಲ ಈ ಮಾತು ಖರೆಯೂ ಆಗುತ್ತದೆ. ರಸ ಬಿಟ್ಟರೂ ಬಿಡದಿದ್ದರೂ ವಾರ ಹತ್ತು ದಿನಗಳಲ್ಲಿ ಕಣ್ಣು ತಿಳಿಯಾಗುತ್ತದೆ. ಹೀಗಾಗಿ ಮಾತಿನ ಮೇಲಿನ ನಂಬಿಗೆಯೂ ಬೆಳೆಯುತ್ತದೆ.

ಮೈಯ ಕಸುವು ಕುಂದಿದವರ ಕಣ್ಣಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ವರ್ಷಗಟ್ಟಲೆ ಸಕ್ಕರೆ ಹತೋಟಿಗೆ ಬಾರದವರು, ದಮ್ಮಿಗೋ ಕೀಲುನೋವಿಗೋ ಸ್ಟಿರಾಯ್ಡ್ ಗುಳಿಗೆ ನುಂಗುತ್ತಿರುವವರು, ಎಚ್.ಐ.ವಿ. ಸೋಂಕಿದ್ದವರು, ಅರ್ಬುದಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು, ಮೂತ್ರಪಿಂಡ ಬದಲಾಯಿಸಿಕೊಂಡವರು ಇಂಥವರು. ಇವರ ಕಣ್ಣಿಗೆ ತಗಲುವ ಸೋಂಕುಗಳೇ ಬೇರೆ, ಅವು ತೋರುವ ಗುರುತುಗಳೇ ಬೇರೆ, ಅವು ಕೊಡುವ ಸಮಯವೂ ಬಹಳ ಕಡಿಮೆ.

2021ರ ಆ ಬೇಸಿಗೆ

ಈ ಮಾತು ಎಷ್ಟು ಖರೆ ಎಂಬುದನ್ನು ಇಡೀ ನಾಡು ಕಣ್ಣಾರೆ ಕಂಡದ್ದು 2021ರ ಮೇ, ಜೂನ್ ತಿಂಗಳುಗಳಲ್ಲಿ. ಕೊರೊನಾದ ಎರಡನೆಯ ಅಲೆ ಇಳಿಯುವ ಮುಂಚೆಯೇ "ಕಪ್ಪು ಶಿಲೀಂಧ್ರ" ಎಂಬ ಹೊಸ ಹೆಸರು ಪತ್ರಿಕೆಗಳ ಮೊದಲ ಪುಟಕ್ಕೆ ಬಂತು. ವೈದ್ಯರ ಬಾಯಲ್ಲಿ ಅದು ಮ್ಯೂಕರ್‌ಮೈಕೋಸಿಸ್. ಕೊರೊನಾದಿಂದ ಗುಣವಾಗಿ ಮನೆಗೆ ಬಂದವರ ಮುಖ ಬಾತು, ಕಣ್ಣು ಮುಚ್ಚಿಕೊಂಡು, ಮತ್ತೆ ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ಪ್ರಸಂಗಗಳು ನಡೆದವು. ರಾಜ್ಯ ಸರಕಾರ ಅದೇ ಮೇ ತಿಂಗಳಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಚಿಕಿತ್ಸೆಗೆಂದು ಗುರುತಿಸಿದ ಆಸ್ಪತ್ರೆಗಳಲ್ಲಿ ಹುಬ್ಬಳ್ಳಿಯ ಕಿಮ್ಸ್ ಒಂದು. 1957ರಲ್ಲಿ ಆರಂಭವಾದ, ಹಳಬರು ಇಂದಿಗೂ ಕೆ.ಎಂ.ಸಿ. ಎಂದೇ ಕರೆಯುವ ಆ ಸರಕಾರಿ ದವಾಖಾನೆಗೆ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬಂದರು. ಆಂಫೊಟೆರಿಸಿನ್ ಎಂಬ ಚುಚ್ಚುಮದ್ದಿಗಾಗಿ ಮನೆಮಂದಿ ಊರೂರು ಅಲೆದರು.

ಕೇಂದ್ರ ಸರಕಾರ 2021ರ ಜೂನ್ 28ರಂದು ಕೊಟ್ಟ ಲೆಕ್ಕದ ಪ್ರಕಾರ ಅಷ್ಟರೊಳಗೆ ದೇಶದಲ್ಲಿ 40,845 ಜನರಿಗೆ ಈ ರೋಗ ತಗಲಿತ್ತು. ಅವರಲ್ಲಿ 31,344 ಜನರಿಗೆ ಅದು ಮೂಗು, ಕಣ್ಣು, ಮೆದುಳಿನ ಹಾದಿ ಹಿಡಿದಿತ್ತು. 3,129 ಜನ ತೀರಿಕೊಂಡಿದ್ದರು. ರೋಗಿಗಳಲ್ಲಿ ನೂರಕ್ಕೆ 64 ಮಂದಿಗೆ ಸಕ್ಕರೆ ಬೇನೆ ಇತ್ತು. ನೂರಕ್ಕೆ 52ಕ್ಕಿಂತ ಹೆಚ್ಚು ಮಂದಿ ಸ್ಟಿರಾಯ್ಡ್ ತೆಗೆದುಕೊಂಡಿದ್ದರು. ದೇಶದ ನೇತ್ರವೈದ್ಯರು ಕೂಡಿ 2,826 ರೋಗಿಗಳ ವಿವರ ಕಲೆಹಾಕಿ ಅದೇ ವರ್ಷ ಪ್ರಕಟಿಸಿದ ವರದಿಯಲ್ಲಂತೂ ಸಕ್ಕರೆ ಬೇನೆಯವರ ಪಾಲು ನೂರಕ್ಕೆ 78, ಸ್ಟಿರಾಯ್ಡ್ ಪಡೆದವರ ಪಾಲು ನೂರಕ್ಕೆ 87.

ಈ ಶಿಲೀಂಧ್ರ ಎಲ್ಲಿಂದಲೋ ಹಾರಿ ಬಂದದ್ದಲ್ಲ. ಹೊಲದ ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ತಿಪ್ಪೆಯಲ್ಲಿ, ಹಳಸಿದ ರೊಟ್ಟಿಯ ಮೇಲೆ ಅದು ಎಂದಿನಿಂದಲೂ ಇದೆ. ಅದರ ಕಣಗಳನ್ನು ಎಲ್ಲರೂ ದಿನಾಲು ಉಸಿರಿನೊಡನೆ ಒಳಗೆ ಎಳೆದುಕೊಳ್ಳುತ್ತಾರೆ. ಗಟ್ಟಿ ಮೈ ಅದನ್ನು ಅಲ್ಲಿಯೇ ಹೊಸಕಿಹಾಕುತ್ತದೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ಕಾವಲು ಬಿದ್ದುಹೋದ ಮೈಯಲ್ಲಿ ಇದು ಗೌಡಿಕೆ ಶುರುಮಾಡುತ್ತದೆ. ಮೂಗಿನಿಂದ ಪಕ್ಕದ ಎಲುಬಿನ ಪೊಳ್ಳಿಗೆ, ಅಲ್ಲಿಂದ ಕಣ್ಣಿನ ಗೂಡಿಗೆ, ಗೂಡಿನಿಂದ ಮೆದುಳಿಗೆ. ಹೋಗುವ ದಾರಿಯಲ್ಲಿ ರಕ್ತನಾಳಗಳನ್ನು ಹೊಕ್ಕು ಮುಚ್ಚಿಬಿಡುತ್ತದೆ. ರಕ್ತ ಸಿಗದ ಭಾಗ ಸತ್ತು ಕಪ್ಪಾಗುತ್ತದೆ. ಕಪ್ಪು ಎಂಬ ಹೆಸರು ಬಂದದ್ದು ಸತ್ತ ಮಾಂಸದ ಬಣ್ಣದಿಂದ. ಒಬ್ಬರಿಂದ ಒಬ್ಬರಿಗೆ ಹರಡುವ ರೋಗವೂ ಇದಲ್ಲ.

ಕೊರೊನಾ ಇಳಿಯಿತು, ಕಪ್ಪು ಶಿಲೀಂಧ್ರದ ಸುದ್ದಿಯೂ ಇಳಿಯಿತು. ಆದರೆ ಅದಕ್ಕೆ ಎಡೆಮಾಡಿಕೊಟ್ಟ ಸಕ್ಕರೆ ಬೇನೆ ಇಳಿದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಬೇನೆ ಇದೆ. "ಅದು ಪ್ಯಾಟಿ ಮಂದೀ ಬ್ಯಾನಿ" ಎಂದು ತಳ್ಳಿಹಾಕುವಂತಿಲ್ಲ. ಹಳ್ಳಿಗಳಲ್ಲಿಯೂ ನೂರು ವಯಸ್ಕರಲ್ಲಿ ಸುಮಾರು 9 ಜನರಿಗೆ ಅದು ಇದೆ ಎನ್ನುತ್ತದೆ ಅದೇ ಸಮೀಕ್ಷೆ. ತನಗೆ ಇದೆ ಎಂದು ಗೊತ್ತೇ ಇಲ್ಲದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ.

ಕಾವಲುಗಾರ ಮಲಗಿದರೆ ಕೂಗುವವರಾರು?

ಕಣ್ಣು ಕೆಂಪಾಗುವುದು, ಉರಿಯುವುದು, ನೀರು ಸುರಿಯುವುದು, ಬಾಯುವುದು ಇವೆಲ್ಲ ರೋಗಾಣುವಿನ ಕೆಲಸ ಎಂದೇ ಜನ ತಿಳಿದಿದ್ದಾರೆ. ಖರೆ ನೋಡಿದರೆ ಅದರಲ್ಲಿ ಹೆಚ್ಚಿನದು ಮೈಯ ಕೆಲಸ. ರೋಗಾಣುವಿನೊಡನೆ ಹೊಡೆದಾಡಲು ರಕ್ತದ ಬಿಳಿಕಣಗಳು ನುಗ್ಗಿ ಬಂದಾಗ ಆ ಜಾಗ ಕೆಂಪಾಗುತ್ತದೆ, ನೋಯುತ್ತದೆ. ಹೊಲಕ್ಕೆ ಕಳ್ಳ ಬಿದ್ದರೆ ಕಾವಲುಗಾರ ಕೂಗಿ ಊರು ಎಬ್ಬಿಸಿದ ಹಾಗೆ.

ಕಾವಲುಗಾರನೇ ಮಲಗಿದ್ದರೆ? ಕಳ್ಳ ಸದ್ದಿಲ್ಲದೆ ರಾಶಿ ಹೊತ್ತುಕೊಂಡು ಹೋಗುತ್ತಾನೆ. ರೋಗನಿರೋಧ ಶಕ್ತಿ ಕುಂದಿದವರ ಕಣ್ಣಿನಲ್ಲಿ ಆಗುವುದು ಇದೇ. ಸೋಂಕು ದೊಡ್ಡದು, ಗುರುತು ಸಣ್ಣದು. ಬಿಳಿಯ ಗುಡ್ಡೆ ಬೆಳ್ಳಗೇ ಇರುತ್ತದೆ, ನೋವು ಹೆಸರಿಗಷ್ಟೇ, ಒಳಗೆ ಪರದೆ ಸುಟ್ಟುಹೋಗುತ್ತಿರುತ್ತದೆ. ಡಾಕ್ಟರರಿಗೂ ಇದು ಸುಲಭದ ಲೆಕ್ಕವಲ್ಲ. ಕಣ್ಣಿನ ಕೆಂಪು ನೋಡಿ ರೋಗದ ಆಳ ಅಳೆಯುವ ಕೋಲು ಇಲ್ಲಿ ಕೆಲಸಕ್ಕೆ ಬಾರದು. ಆದ್ದರಿಂದ ಇಂಥವರ ಕಣ್ಣಿನ ತಪಾಸಣೆ ಕಣ್ಣಿನಿಂದ ಶುರುವಾಗಬಾರದು, "ನಿಮಗ ಸಕ್ರಿ ಐತೇನು? ಯಾವ ಗುಳಿಗಿ ತಗೋತೀರಿ?" ಎಂಬ ಪ್ರಶ್ನೆಯಿಂದ ಶುರುವಾಗಬೇಕು.

ಯಾವ ಗುರುತಿಗೆ ಯಾವ ಶಂಕೆ?

ಮೊದಲನೆಯದು ಮೇಲೆ ಹೇಳಿದ ಶಿಲೀಂಧ್ರ. ಸಕ್ಕರೆ ಹೆಚ್ಚಿದವರಿಗೆ ಮುಖದ ಒಂದೇ ಬದಿ ನೋವು ಇಲ್ಲವೆ ಜೋಮು, ಒಂದೇ ಹೊಳ್ಳೆ ಕಟ್ಟುವುದು, ಮೂಗಿನಿಂದ ಕಪ್ಪು ಅಥವಾ ರಕ್ತ ಬೆರೆತ ಸಿಂಬಳ, ಮೇಲಿನ ಹಲ್ಲು ಅಲುಗಾಡುವುದು, ರೆಪ್ಪೆ ಜೋತು ಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು. ಇವುಗಳಲ್ಲಿ ಯಾವೊಂದು ಇದ್ದರೂ ಅದನ್ನು ನೆಗಡಿ, ಹಲ್ಲುನೋವು ಎಂದು ಬಿಡಬಾರದು. ಕಣ್ಣಿನ ಬೇನೆ ಹಲ್ಲಿನಿಂದ, ಗಲ್ಲದಿಂದ ಸುದ್ದಿ ಕಳಿಸುತ್ತದೆ ಎಂದು ಯಾರು ಎಣಿಸುತ್ತಾರೆ? ಆದರೆ ಇಲ್ಲಿ ನಡೆಯುವುದು ಹಾಗೆಯೇ.

ಎರಡನೆಯದು ಸರ್ಪಸುತ್ತು. ಹಣೆಯ ಒಂದು ಬದಿಗೆ, ರೆಪ್ಪೆಯ ಮೇಲೆ ಗುಳ್ಳೆಗಳ ಸಾಲು ಏಳುತ್ತದೆ. ಕೆಮ್ಮಣ್ಣು ಹಚ್ಚಿಸಿ ಮಂತ್ರ ಹಾಕಿಸುವ ರೂಢಿ ಹಲವು ಕಡೆ ಇದೆ. ಇದು ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು. ನರದಲ್ಲಿ ಅಡಗಿ ಕುಳಿತದ್ದು ಮೈ ಸೋತಾಗ ಎದ್ದು ಬರುತ್ತದೆ. ಮೂಗಿನ ತುದಿಯ ಮೇಲೆ ಗುಳ್ಳೆ ಬಂದರೆ ಕಣ್ಣಿಗೂ ಕಂಟಕ ಎಂದು ವೈದ್ಯರು ಎಣಿಸುತ್ತಾರೆ. ಏಕೆಂದರೆ ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹೋಗುವ ನರದ ಬುಡ ಒಂದೇ. ಗುಳ್ಳೆ ಎದ್ದ 72 ತಾಸಿನೊಳಗೆ ವೈರಸ್ ವಿರೋಧಿ ಗುಳಿಗೆ ಶುರುವಾದರೆ ಉತ್ತಮ ಫಲ. ಹರೆಯದವರಿಗೆ ಇದು ಬಂದರೆ ಮೈಯ ಕಸುವು ಏಕೆ ಕುಂದಿತು ಎಂದು ವೈದ್ಯರು ಸಕ್ಕರೆ, ಎಚ್.ಐ.ವಿ. ಎರಡನ್ನೂ ನೋಡಿಸುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಮೌನಿ. ಎಚ್.ಐ.ವಿ.ಯಿಂದ ಮೈ ಬಹಳ ಸೋತು, ರಕ್ತದ ಸಿ.ಡಿ.-4 ಕಣಗಳ ಎಣಿಕೆ 50ಕ್ಕಿಂತ ಕೆಳಗಿಳಿದವರಿಗೆ ಸೈಟೊಮೆಗಲೊ ಎಂಬ ವೈರಸ್ಸು ಕಣ್ಣಿನ ಒಳಪರದೆಗೆ ಹತ್ತುತ್ತದೆ. ನೋವಿಲ್ಲ, ಕೆಂಪಿಲ್ಲ. ಕಣ್ಣ ಮುಂದೆ ಕಪ್ಪು ಚುಕ್ಕೆ, ನೊಣ ಹಾರಿದ ಹಾಗೆ. ಇಲ್ಲವೇ ನೋಟದ ಒಂದು ಮೂಲೆಗೆ ಪರದೆ ಇಳಿಬಿಟ್ಟ ಹಾಗೆ. ಅಷ್ಟೇ. ಕಣ್ಣಿನ ಪಾಪೆ ಹಿಗ್ಗಿಸಿ ಒಳಗೆ ನೋಡದ ಹೊರತು ಇದು ಸಿಗುವುದಿಲ್ಲ. ನೋಡಿದರೆ ಬಿಳಿ ಮಚ್ಚೆ, ಅದರ ನಡುವೆ ರಕ್ತದ ಕಲೆ ಸ್ಪಷ್ಟವಾಗಿ ಕಾಣುತ್ತವೆ. ಔಷಧಿ ರೋಗವನ್ನು ನಿಲ್ಲಿಸಬಲ್ಲದು. ಸುಟ್ಟುಹೋದ ಪರದೆಯನ್ನು ಮರಳಿ ತರಲಾರದು. ಎಚ್.ಐ.ವಿ. ಔಷಧಿಯನ್ನು ಸರಕಾರ ಪುಕ್ಕಟೆ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. 2017ರಿಂದ ಸಿ.ಡಿ.-4 ಎಷ್ಟೇ ಇರಲಿ, ಸೋಂಕು ಕಂಡ ಎಲ್ಲರಿಗೂ ಔಷಧಿ ಉಂಟು. ಹೀಗಾಗಿ ಈ ಕುರುಡು ಮೊದಲಿಗಿಂತ ಕಡಿಮೆಯಾಗಿದೆ. ಆದರೆ ನಾಚಿಕೆಗೆ, ಊರವರ ಮಾತಿಗೆ ಅಂಜಿ ತಡಮಾಡಿ ಬರುವವರ ಕಣ್ಣಿಗೆ ಗಂಡಾಂತರ ತಪ್ಪಿಲ್ಲ. ಇನ್ನೊಂದು ವಿಚಿತ್ರವೂ ಇದೆ: ಔಷಧಿ ಹಿಡಿದು ಮೈಗೆ ಕಸುವು ಮರಳಿದಾಗ ಮಲಗಿದ್ದ ಕಾವಲುಗಾರ ಎದ್ದು, ಹಳೆಯ ಸೋಂಕಿದ್ದ ಕಣ್ಣು ಒಮ್ಮೆಲೆ ಕೆರಳುವುದುಂಟು. "ಗುಳಿಗಿ ತಗೊಂಡ ಮ್ಯಾಲ ಕಣ್ಣು ಹೆಚ್ಚಾತು" ಎಂದು ಗುಳಿಗೆ ಬಿಟ್ಟರೆ ಎರಡೂ ಕೆಡುತ್ತವೆ. ಕೂಡಲೇ ಡಾಕ್ಟರರಿಗೆ ತೋರಿಸಬೇಕು.

ನಾಲ್ಕನೆಯದು ರೈತಾಪಿ ಮಂದಿಯ ಬೇನೆ. ಕಲಘಟಗಿ ಸೀಮೆ ಭತ್ತ, ಗೋವಿನಜೋಳ, ಸೋಯಾ, ಕಬ್ಬಿನ ನಾಡು. ಗೋವಿನಜೋಳದ ಗರಿಯೋ ಭತ್ತದ ಮುಳ್ಳೋ ಕಣ್ಣಿಗೆ ಗೀರಿದರೆ ಆ ಗೀರಿನೊಳಗೆ ಶಿಲೀಂಧ್ರ ಕೂತು ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣು ಮಾಡುತ್ತದೆ. ಇದು ಗಟ್ಟಿ ಮೈಯವರಿಗೂ ಬರುತ್ತದೆ. ಆದರೆ ಸ್ಟಿರಾಯ್ಡ್ ಬೆರೆತ ಹನಿ ಬಿಟ್ಟರೆ ಗಟ್ಟಿ ಮೈಯವನ ಕಣ್ಣೂ ಸೋತ ಮೈಯವನ ಕಣ್ಣಿನಂತೆ ಆಗಿಬಿಡುತ್ತದೆ. ಹನಿ ಬಿಟ್ಟ ಮರುದಿನ ಕೆಂಪು ಇಳಿಯುತ್ತದೆ, ಉರಿ ನಿಲ್ಲುತ್ತದೆ. "ಏನ್ ಔಷಧ ರೀ, ಒಂದ ಹನಿಗೆ ಕಡಿಮಿ ಆತು!" ಎಂದು ಹೊಗಳಿಕೆ. ಒಳಗೆ ಶಿಲೀಂಧ್ರಕ್ಕೆ ಹಬ್ಬ. ಹನಿ ಕಾವಲುಗಾರನ ಬಾಯಿ ಕಟ್ಟಿದೆ, ಕಳ್ಳನನ್ನು ಹಿಡಿದಿಲ್ಲ.

ಐದನೆಯದು ರಕ್ತದ ಹಾದಿಯಿಂದ ಬರುವುದು. ಸಕ್ಕರೆ ಬೇನೆಯವರ ಕಾಲಿನ ಹುಣ್ಣು, ಮೂತ್ರದ ಸೋಂಕು, ಬಹಳ ದಿನ ನರದಲ್ಲಿ ಉಳಿದ ಸಲಾಯಿನ್ ಸೂಜಿ ಇವುಗಳಿಂದ ಹೊರಟ ರೋಗಾಣು ರಕ್ತದೊಡನೆ ಕಣ್ಣುಗುಡ್ಡೆಯ ಒಳಗೆ ಹೋಗಿ ಕೀವು ಕಟ್ಟಬಹುದು. ಜ್ವರ ಬಂದು ಹೋದ ಮೇಲೆ ನೋಟ ಮಂಜಾದರೆ ಇದನ್ನು ನೆನೆಯಬೇಕು.

ಹೆಸರು ಹಿಡಿಯದೆ ಮದ್ದಿಲ್ಲ

"ಎಲ್ಲಾ ಸೋಂಕ ಅಲ್ಲೇನ್ರೀ, ಒಂದ ಚಲೋ ಔಷಧ ಕೊಟ್ಟಬಿಡ್ರಿ" ಎಂದು ಕೇಳುವವರಿದ್ದಾರೆ. ಇಲ್ಲಿ ಹಾಗೆ ನಡೆಯುವುದಿಲ್ಲ. ಶಿಲೀಂಧ್ರಗಳಲ್ಲಿಯೇ ಜಾತಿ ಬೇರೆ, ಮದ್ದು ಬೇರೆ. ಆಸ್ಪರ್ಜಿಲಸ್ ಎಂಬುದಕ್ಕೆ ನಾಟುವ ವೊರಿಕೊನಜೋಲ್ ಮ್ಯೂಕರ್ ಶಿಲೀಂಧ್ರಕ್ಕೆ ಏನೂ ಮಾಡದು. ಅದಕ್ಕೆ ಆಂಫೊಟೆರಿಸಿನ್ನೇ ಮುಖ್ಯ ಮದ್ದು. ಆಂಫೊಟೆರಿಸಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಔಷಧಿಯಾದ್ದರಿಂದ ಸುಮ್ಮನೆ ಕೊಡುವಂಥದ್ದೂ ಅಲ್ಲ. ವೈರಸ್ಸಿನ ಮದ್ದು ಮತ್ತೊಂದು, ಬ್ಯಾಕ್ಟೀರಿಯಾದ್ದು ಇನ್ನೊಂದು. ಹೆಸರು ಹಿಡಿಯದೆ ಕೊಟ್ಟ ಮದ್ದು ಕತ್ತಲಲ್ಲಿ ಎಸೆದ ಕಲ್ಲು.

ಹೆಸರು ಹಿಡಿಯುವ ಮೊದಲ ಪರೀಕ್ಷೆ ದುಬಾರಿಯದೇನೂ ಅಲ್ಲ. ಮೂಗಿನೊಳಗಿನ ಸತ್ತ ಭಾಗದಿಂದಲೋ ಕರಿಗುಡ್ಡೆಯ ಹುಣ್ಣಿನಿಂದಲೋ ತುಸು ಕೆರೆದು, ಗಾಜಿನ ತುಂಡಿನ ಮೇಲೆ ಇಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕುತ್ತಾರೆ. ದ್ರಾವಣ ಮೈಯ ಕಣಗಳನ್ನು ಕರಗಿಸುತ್ತದೆ. ಶಿಲೀಂಧ್ರದ ಎಳೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮ್ಯೂಕರ್ ಎಳೆ ಅಗಲ ರಿಬ್ಬನ್ನಿನಂತೆ, ನಡುವೆ ಗೋಡೆಗಳಿಲ್ಲದೆ, ಕವಲುಗಳು ಅಡ್ಡಡ್ಡವಾಗಿ ಒಡೆದು ಕಾಣುತ್ತದೆ. ಆಸ್ಪರ್ಜಿಲಸ್ ಎಳೆ ಸಪೂರ, ನಡುನಡುವೆ ಗೋಡೆ, ಮರದ ಟೊಂಗೆಯಂತೆ ಓರೆಯಾದ ಕವಲು. ಇಷ್ಟು ಗೊತ್ತಾಗಲು ದಿನಗಟ್ಟಲೆ ಬೇಡ. ಬಂದ ದಿನವೇ ಉತ್ತರ ಸಿಗುತ್ತದೆ. ಬಿತ್ತಿ ಬೆಳೆಸಿ ನೋಡುವ ಪರೀಕ್ಷೆಗೆ ದಿನಗಳು ಹಿಡಿಯುತ್ತವೆ, ಮ್ಯೂಕರ್ ಎಷ್ಟೋ ಸಲ ಅದರಲ್ಲಿ ಬೆಳೆಯುವುದೂ ಇಲ್ಲ. ಬೇರೆ ಶಿಲೀಂಧ್ರ ಹಿಡಿಯಲು ಬಳಸುವ ಕೆಲವು ರಕ್ತಪರೀಕ್ಷೆಗಳಲ್ಲಿ ಇದು ಬೀಳುವುದಿಲ್ಲ. ರಕ್ತ ಸರಿ ಇದೆ ಎಂಬ ಕಾಗದ ಹಿಡಿದು ನೆಮ್ಮದಿಯಿಂದ ಕೂಡುವಂತಿಲ್ಲ.

ಇದರ ಜೊತೆಗೆ ದುರ್ಬೀನಿನಿಂದ ಮೂಗಿನ ಒಳಭಾಗ ನೋಡುವುದು, ಎಂ.ಆರ್.ಐ. ಚಿತ್ರ ತೆಗೆದು ಸೋಂಕು ಎಲ್ಲಿಯವರೆಗೆ ಹೋಗಿದೆ ಎಂದು ಅಳೆಯುವುದು, ಮಾಂಸದ ತುಣುಕು ತೆಗೆದು ಪರೀಕ್ಷಿಸುವುದು ನಡೆಯುತ್ತವೆ. ಒಳಪರದೆಯ ಸೋಂಕಾದರೆ ಕಣ್ಣೊಳಗಿನ ದ್ರವದ ಒಂದು ಹನಿಯನ್ನು ಸಣ್ಣ ಸೂಜಿಯಿಂದ ತೆಗೆದು ಪಿ.ಸಿ.ಆರ್. ಮಾಡಿ ವೈರಸ್ಸಿನ ಗುರುತು ಹಿಡಿಯುತ್ತಾರೆ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದರಲ್ಲ, ಅದೇ ವಿದ್ಯೆ. ಇವು ಹುಬ್ಬಳ್ಳಿ-ಧಾರವಾಡದಂಥ ದೊಡ್ಡ ಊರಿನ ಕೆಲಸ. ಕಣ್ಣು, ಮೂಗು-ಗಂಟಲು, ಸಕ್ಕರೆ, ಪ್ರಯೋಗಶಾಲೆ ಎಲ್ಲ ವಿಭಾಗದವರು ಒಂದೇ ಕಡೆ ಕೂಡಿದರೆ ಮಾತ್ರ ಸಾಧ್ಯ.

ಆರು ದಿನದ ಬೆಲೆ

ತಡವಾದರೆ ಏನಾದೀತು ಎಂಬುದಕ್ಕೆ ಅಮೆರಿಕದ ಹ್ಯೂಸ್ಟನ್ನಿನ ಅರ್ಬುದ ಆಸ್ಪತ್ರೆಯಿಂದ 2008ರಲ್ಲಿ ಬಂದ ಲೆಕ್ಕವೊಂದಿದೆ. ರಕ್ತದ ಅರ್ಬುದದ ಜೊತೆಗೆ ಇದೇ ಬಗೆಯ ಶಿಲೀಂಧ್ರ ಹತ್ತಿದ 70 ರೋಗಿಗಳನ್ನು ನೋಡಿದಾಗ, ಆಂಫೊಟೆರಿಸಿನ್ ಆರು ದಿನ ಅಥವಾ ಹೆಚ್ಚು ತಡವಾದವರಲ್ಲಿ ಮೂರು ತಿಂಗಳೊಳಗೆ ನೂರಕ್ಕೆ 83 ಮಂದಿ ಸತ್ತಿದ್ದರು. ಬೇಗ ಸಿಕ್ಕವರಲ್ಲಿ ನೂರಕ್ಕೆ 49. ಅವರು ದುಮ್ಮವಾಡದ ರೈತರಲ್ಲ, ಬೇನೆಯೂ ಪೂರ್ತಿ ಒಂದೇ ಅಲ್ಲ, ಒಪ್ಪಿದ ಮಾತು. ಆದರೆ ಆರು ದಿನ ಅಂದರೆ ಎಷ್ಟು? ಎರಡು ದಿನ ಮನೆಮದ್ದು, ಎರಡು ದಿನ ಅಂಗಡಿಯ ಹನಿ, ಒಂದು ದಿನ ಸಂತೆ, ಒಂದು ದಿನ ಅಮಾವಾಸ್ಯೆ. ನಮ್ಮ ಹಳ್ಳಿಯ ಲೆಕ್ಕದಲ್ಲಿ ಆರು ದಿನ ತಡವೇ ಅಲ್ಲ.

ಈ ಸಾವಧಾನಕ್ಕೆ ಒಂದು ಕಾರಣವೂ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹಾಕಿ ಸಾವಿರಗಟ್ಟಲೆ ಜನರ ಕಣ್ಣಿನ ಪೊರೆ ತೆಗೆದು ಬೆಳಕು ಕೊಟ್ಟರು. 2005ರಲ್ಲಿ ಅವರು ತೀರಿಕೊಂಡರೂ ಅವರ ಹೆಸರು ಉತ್ತರ ಕರ್ನಾಟಕದ ಮನೆಮನೆಯಲ್ಲಿದೆ. ಹುಬ್ಬಳ್ಳಿಯ ಡಾ. ಎಂ.ಎಂ. ಜೋಶಿಯವರ ನೇತ್ರ ಆಸ್ಪತ್ರೆಯೂ ಈ ಭಾಗದವರಿಗೆ ಹಳೆಯ ಪರಿಚಯ. ಇಂಥವರ ಪುಣ್ಯದಿಂದ ಪೊರೆ ಎಂದರೇನು ಎಂದು ಮುದುಕಿಯರಿಗೂ ಗೊತ್ತು. ಪೊರೆ ಕಾಯುತ್ತದೆ, ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದರೂ ನಡೆದೀತು. ಕಣ್ಣು ಮಂಜಾಯಿತು ಅಂದರೆ ಪೊರೆಯೇ ಇರಬೇಕು ಎಂದು ಸೋತ ಮೈಯವರೂ ಕಾಯುತ್ತ ಕೂಡುವುದು ಇಲ್ಲಿಯ ಅಪಾಯ. ತಿಂಗಳುಗಟ್ಟಲೆ ಮೆಲ್ಲನೆ ಮಂಜಾದರೆ ಅದು ಪೊರೆಯಾದೀತು. ದಿನಗಳಲ್ಲಿ, ತಾಸುಗಳಲ್ಲಿ ಮಂಜಾದರೆ ಅದು ಬೇರೆಯೇ.

ಬ್ಯಾಟರಿ, ಅರಳೆ, ಒಂದು ಹನಿ ರಕ್ತ

ಹಾಗಾದರೆ ದುಮ್ಮವಾಡದಂಥ ಊರಿನಲ್ಲಿ ಕೂತು ಏನು ಮಾಡಲು ಬಂದೀತು? ಎಂ.ಆರ್.ಐ. ಇಲ್ಲ, ನೇತ್ರತಜ್ಞರು ಕೈಗೆ ಸಿಗುವಲ್ಲಿ ಇಲ್ಲ. ಆದರೆ ರೋಗದ ಹೆಸರು ಹಿಡಿಯುವುದು ಹುಬ್ಬಳ್ಳಿಯ ಕೆಲಸವಾದರೆ, ಶಂಕೆ ಹಿಡಿಯುವುದು ಊರಿನ ಕೆಲಸ. ಶಂಕೆಗೆ ಬೇಕಾದ ಸಾಮಾನು ಊರಲ್ಲೇ ಇದೆ.

ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗೋಡೆಯ ಕ್ಯಾಲೆಂಡರಿನ ಅಂಕಿ ಓದಿಸಬೇಕು, ಆಮೇಲೆ ಅದಲುಬದಲು. ಎರಡೂ ಕಣ್ಣು ತೆರೆದಿದ್ದರೆ ಚಲೋ ಕಣ್ಣು ಕೆಟ್ಟದ್ದನ್ನು ಮುಚ್ಚಿಡುತ್ತದೆ, ವಾರಗಟ್ಟಲೆ ಗೊತ್ತೇ ಆಗುವುದಿಲ್ಲ. ಬ್ಯಾಟರಿ ಬೆಳಕು ಬಿಟ್ಟು ಎರಡೂ ಪಾಪೆ ಸಮನಾಗಿ ಕುಗ್ಗುತ್ತವೆಯೇ ನೋಡಬೇಕು. ಬೆರಳು ಆಡಿಸಿ ಕಣ್ಣುಗುಡ್ಡೆ ಎಲ್ಲ ದಿಕ್ಕಿಗೂ ಹೊರಳುತ್ತದೆಯೇ ನೋಡಬೇಕು. ಅರಳೆಯ ಎಳೆಯಿಂದ ಎರಡೂ ಗಲ್ಲ ಮುಟ್ಟಿ "ಎರಡೂ ಕಡೆ ಒಂದೇ ನಮೂನಿ ಗೊತ್ತಾಗ್ತದೇನು?" ಎಂದು ಕೇಳಬೇಕು. ಬಾಯಿ ತೆರೆಸಿ ಅಂಗುಳಕ್ಕೆ ಬೆಳಕು ಬಿಟ್ಟು ಕಪ್ಪು ಕಲೆ ಇದೆಯೇ ನೋಡಬೇಕು. ಕೊನೆಗೆ ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಬೇಕು. ಇಷ್ಟಕ್ಕೆ ಹತ್ತು ನಿಮಿಷ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ ಇದು ಹೊಸ ವಿದ್ಯೆಯಲ್ಲ; ದಾದಿಯರು, ಆಶಾ ಕಾರ್ಯಕರ್ತೆಯರು ಇದರ ಅರ್ಧ ಭಾಗವನ್ನು ಮನೆ ಬಾಗಿಲಲ್ಲೇ ಮಾಡಬಲ್ಲರು.

ಹನಿ ಮಾರುವ ಅಂಗಡಿಯವರಿಗೂ ಇದರಲ್ಲಿ ಪಾಲಿದೆ. "ಕಣ್ಣಿಗೆ ಒಂದ ಹನಿ ಕೊಡ್ರಿ" ಎಂದು ಬಂದವನಿಗೆ "ಸಕ್ರಿ ಐತೇನು? ಗರಿ ಬಡದದೇನು?" ಎಂದು ಎರಡು ಮಾತು ಕೇಳಿ, ಹೌದೆಂದರೆ ದವಾಖಾನೆಗೆ ಕಳಿಸಿದರೆ ಒಂದು ಕಣ್ಣು ಉಳಿದೀತು. ಚೀಟಿ ಇಲ್ಲದೆ ಸ್ಟಿರಾಯ್ಡ್ ಹನಿ ಕೊಡುವುದು ಕಾನೂನಿಗೂ ವಿರುದ್ಧ, ಕಣ್ಣಿಗೂ ವಿರುದ್ಧ.

ಮನೆಮಂದಿ ಮಾಡಬೇಕಾದದ್ದು ಇನ್ನೂ ಸಣ್ಣದು. ಸೋತ ಮೈಯವರನ್ನು ಕಣ್ಣಿನ ದವಾಖಾನೆಗೆ ಕರೆದೊಯ್ಯುವಾಗ ಅವರು ನುಂಗುವ ಎಲ್ಲ ಗುಳಿಗೆಗಳ ಚೀಟಿ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಬೇಕು; ಮೈಕೈ ನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯನ್ನೂ ಬಿಡಬಾರದು, ಅದರಲ್ಲಿ ಸ್ಟಿರಾಯ್ಡ್ ಇರಬಹುದು. ಆದರೆ ಇದನ್ನು ಓದಿ ಅಂಜಿ ಡಾಕ್ಟರರು ಕೊಟ್ಟ ಸ್ಟಿರಾಯ್ಡ್ ಗುಳಿಗೆಯನ್ನು ತಾವೇ ಒಮ್ಮೆಲೆ ನಿಲ್ಲಿಸಬಾರದು. ಅದರಿಂದ ಜೀವಕ್ಕೇ ಅಪಾಯವಾದೀತು. ಎಚ್.ಐ.ವಿ. ಇದ್ದರೆ ಡಾಕ್ಟರರ ಮುಂದೆ ಮುಚ್ಚಿಡಬಾರದು. ಮುಚ್ಚಿಟ್ಟರೆ ಮಾನ ಉಳಿದು ಕಣ್ಣು ಹೋದೀತು. ಹೇಳಿದರೆ ಎರಡೂ ಉಳಿದಾವು, ಏಕೆಂದರೆ ಆ ಗುಟ್ಟು ಕಾಯುವುದು ಡಾಕ್ಟರರ ಕಾನೂನುಬದ್ಧ ಕರ್ತವ್ಯ.

ಸರಕಾರದಿಂದ ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಸಕ್ಕರೆ ತಪಾಸಣೆಯ ಪಟ್ಟಿ ಹಳ್ಳಿಗಳಲ್ಲಿ ಆಗಲೇ ಬರೆಯುತ್ತಾರೆ. ಆ ಪಟ್ಟಿಯಲ್ಲಿದ್ದವರು ಕಣ್ಣಿನ ದೂರು ತಂದರೆ ಸರತಿ ಬಿಡಿಸಿ ಅದೇ ದಿನ ನೋಡುವುದು, ಶಂಕೆ ಬಂದರೆ ಚೀಟಿಯ ಮೇಲೆ "ಸಕ್ಕರೆ ಬೇನೆ, ಕಣ್ಣಿನ ಸೋಂಕಿನ ಶಂಕೆ" ಎಂದು ದೊಡ್ಡದಾಗಿ ಬರೆದು ಹುಬ್ಬಳ್ಳಿಗೆ ಕಳಿಸುವುದು, ಅಲ್ಲಿ ಆ ಚೀಟಿ ನೋಡಿದವರು ಸಾಲಿನಲ್ಲಿ ನಿಲ್ಲಿಸದಿರುವುದು. ಇಷ್ಟಾದರೆ ಆರು ದಿನ ಒಂದು ದಿನಕ್ಕೆ ಇಳಿಯುತ್ತದೆ.

ಸಕ್ಕರೆ ಬೇನೆಯವರಿಗೆ ಮುಖದ ಒಂದು ಬದಿ ಜೋಮು ಹಿಡಿದಿದೆಯೇ, ಒಂದು ಕಣ್ಣು ನಿನ್ನೆಗಿಂತ ಇಂದು ಮಂಜೇ, ಹಣೆಯ ಮೇಲೆ ಗುಳ್ಳೆ ಎದ್ದಿದೆಯೇ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡಿದೆಯೇ? ಹಾಗಿದ್ದರೆ ನೋವು ಬರಲಿ ಎಂದು ಕಾಯಬೇಡಿ. ನಾಳೆ ಮುಂಜಾನೆಯ ಮೊದಲ ಬಸ್ಸು ಬಿಡಬೇಡಿ. ರಾತ್ರಿಯೇ ನೋಟ ಇಳಿಯುತ್ತಿದ್ದರೆ, ರೆಪ್ಪೆ ಬೀಳುತ್ತಿದ್ದರೆ ಬಸ್ಸಿಗೂ ಕಾಯದೆ 108ಕ್ಕೆ ಫೋನು ಮಾಡಿ.